ಅಂಚೆ ಯಾರನ್ನು ಸೋಲಿಸಿದ?

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ಹಬೆ ಎಂದೇ ಕರೆಯುತ್ತಿದ್ದರು. ವಾರ್ಡುಗಳ ಚಾದರ, ಆಪರೇಷನ್ ಕೊಠಡಿಯ ಹಸಿರು ಬಟ್ಟೆ, ಡಾಕ್ಟರುಗಳ ಕೋಟು, ಎಲ್ಲವೂ ಅವನು ನಡೆಸುತ್ತಿದ್ದ ಉದ್ದನೆಯ ಇಸ್ತ್ರಿ ಯಂತ್ರದ ಬಿಸಿ ಉರುಳೆಗಳ ನಡುವೆ ಹಾದು ಬರಬೇಕಿತ್ತು. ಒದ್ದೆ ಚಾದರ ಉರುಳೆಗೆ ತಗುಲಿದ ಕೂಡಲೇ ಬುಸ್ಸೆಂದು ಏಳುವ ಹಬೆಯಲ್ಲಿ ಅವನ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಯಂತ್ರಗಳ ಗದ್ದಲದ ಮೇಲೆ ಕೂಗಿ ಕೂಗಿ ಆ ದನಿ ಎಂಥದ್ದಾಗಿತ್ತೆಂದರೆ, ಮನೆಯಲ್ಲಿ ಅವನು ಕುಡಿಯಲು ನೀರು ಕೇಳಿದರೂ ಪಕ್ಕದವರು ಜಗಳವೆಂದು ಕಿಟಕಿ ತೆರೆಯುತ್ತಿದ್ದರು.

ವಯಸ್ಸಿದ್ದಾಗ ಅವನು ಬಾಕ್ಸರ್. ಲೈಟ್ ವೆಲ್ಟರ್‌ವೇಟ್, ಅಂದರೆ ಅರವತ್ತಮೂರೂವರೆ ಕಿಲೋ ದಾಟದವರ ವಿಭಾಗ. ಉಳಿದವರು ತೂಕ ಇಳಿಸಲು ಊಟ ಬಿಟ್ಟು ಬಾಯಿ ಒಣಗಿಸಿಕೊಳ್ಳುತ್ತಿದ್ದರೆ ಇವನಿಗೆ ಆ ಕಷ್ಟವಿರಲಿಲ್ಲ. ಲಾಂಡ್ರಿಯ ಒಂದು ಪಾಳಿಯಲ್ಲೇ ಬೇಕಾದಷ್ಟು ಬೆವರು ಹರಿದುಹೋಗುತ್ತಿತ್ತು. ಕೆಲಸ ಮುಗಿಸಿ, ಚೀಲ ಹೆಗಲಿಗೇರಿಸಿ ನೇರ ಕ್ಲಬ್ಬಿಗೆ. ಚಾಂಪಿಯನ್ ಆಗಲಿಲ್ಲ. ಪಟ್ಟದ ಬಾಗಿಲ ತನಕ ಎರಡು ಸಲ ಹೋಗಿಬಂದ.

ಮೊದಲ ಸಲ ಎದುರಿಗಿದ್ದವನು ಎಡಚ, ಎಡಗೈಯಲ್ಲಿ ಸುತ್ತಿಗೆ ಹಿಡಿದೇ ಹುಟ್ಟಿದವನಂತಿದ್ದವನು. ಎರಡನೆಯ ಸುತ್ತಿನಲ್ಲಿ ಹಬೆ ನೆಲ ಕಂಡ. ಎದ್ದಾಗ ಮುಂದಿನ ಎರಡು ಹಲ್ಲು ಬಾಯಲ್ಲಿರಲಿಲ್ಲ. ಕೆಲವು ವರ್ಷಗಳ ಮೇಲೆ ಎದುರಿಗೆ ಬಂದವನು ಅಂಚೆ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವನು, ಎಡಚ ಬಿಟ್ಟುಹೋದ ಪಟ್ಟವನ್ನು ಹಿಡಿದು ಬಹಳ ಕಾಲ ಯಾರಿಗೂ ಕೊಡಲಿಲ್ಲ. ಅವರಿಬ್ಬರ ಪಂದ್ಯ ಕೊನೆಯ ಗಂಟೆಯವರೆಗೂ ನಡೆಯಿತು. ಕೂದಲೆಳೆಯಷ್ಟು ಅಂತರದಲ್ಲಿ ಅಂಚೆ ಗೆದ್ದ. ಮರುದಿನ ಒಂದು ಕಣ್ಣು ಮುಚ್ಚಿಹೋದ ಮುಖ ಹೊತ್ತುಕೊಂಡು ಲಾಂಡ್ರಿಗೇ ಬಂದು, "ಬದುಕಿದೀಯೇನಯ್ಯಾ?" ಎಂದು ವಿಚಾರಿಸಿಕೊಂಡು ಹೋದ. ಆಮೇಲೆ ಅವರವರಿಗೆ ಅವರವರ ಸಂಸಾರ; ಭೇಟಿ ತಪ್ಪಿಹೋಯಿತು.

ಹಬೆ ನಿವೃತ್ತನಾದ ಮೇಲೆ ಕ್ಲಬ್ಬಿನವರು ಹೊಸ ಸಭಾಂಗಣ ಕಟ್ಟಿದರು. ಅದಕ್ಕೆ ಹೆಸರಿಡಲು ಒಂದು ಭಾನುವಾರ ಚರ್ಚೆ ಏರ್ಪಡಿಸಿದರು: ಈ ತೂಕದ ಹಳೆಯ ಚಾಂಪಿಯನ್‌ಗಳಲ್ಲಿ ದೊಡ್ಡವರು ಯಾರು, ಎಡಚನೋ ಅಂಚೆಯೋ? ಎಡಚ ತೀರಿಕೊಂಡು ವರ್ಷಗಳಾಗಿದ್ದವು.

"ಇದರಲ್ಲಿ ಚರ್ಚೆ ಮಾಡೋದೇನಿದೆ?" ಎಂದಳು ಹಬೆಯ ಹೆಂಡತಿ. ಅವಳೂ ಅದೇ ಲಾಂಡ್ರಿಯಲ್ಲಿ ಹರಿದ ಚಾದರ ಹೊಲಿಯುತ್ತಿದ್ದವಳು. "ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಎಡಚನೇ ಗೆಲ್ಲೋದು. ಸುಮ್ನೆ ಮನೇಲಿರಿ."

ಮಗಳು ಬಿಡಲಿಲ್ಲ. ಅವಳದು ಕಟ್ಟುಹಲ್ಲು ಮಾಡುವ ಕೆಲಸ. ಅಪ್ಪನ ಬಾಯಲ್ಲಿದ್ದ ಆ ಎರಡು ಹಲ್ಲೂ ಅವಳ ಕೈಯಲ್ಲೇ ತಯಾರಾದವು. "ಹೋಗೋಣ ಬಾ ಅಪ್ಪ. ಇಬ್ಬರ ಕೈಲೂ ಏಟು ತಿಂದವನು ನೀನು. ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರತ್ತೆ?"

ಸಭಾಂಗಣದಲ್ಲಿ ಹೊಸ ಬಣ್ಣದ ವಾಸನೆ. ವೇದಿಕೆಯ ಒಂದು ಕಡೆ ಎಡಚನ ಪರ ಮಾತಾಡುವ ವಕೀಲ, ಇನ್ನೊಂದು ಕಡೆ ಅಂಚೆಯ ಪರ ಮಾತಾಡುವ ಪತ್ರಿಕೆಯ ವರದಿಗಾರ. ನಡುವೆ ದೊಡ್ಡ ಕುರ್ಚಿಯಲ್ಲಿ ಸಾಕ್ಷಾತ್ ಅಂಚೆ, ನರೆತ ತಲೆ, ಇಸ್ತ್ರಿ ಮುರಿಯದ ಅಂಗಿ. ಹಬೆ ಹಿಂದಿನ ಸಾಲಿನಿಂದಲೇ ಕೈ ಎತ್ತಿದ. ಅಂಚೆ ನೋಡಲಿಲ್ಲ.

ವಕೀಲ ಮಾತಿನಲ್ಲಿ ಪಳಗಿದವನು. "ಅಂಚೆಯವರು ಬಹಳ ವರ್ಷ ಚಾಂಪಿಯನ್ ಆಗಿದ್ರು, ಒಪ್ಪೋಣ. ಆದರೆ ಸೋಲಿಸಿದ್ದು ಯಾರನ್ನ? ಅದನ್ನ ಕೇಳ್ಬೇಕಲ್ವಾ? ಅವರ ದೊಡ್ಡ ಗೆಲುವು ಅಂತೀರಲ್ಲ, ಅವತ್ತು ಎದುರಿಗಿದ್ದವನು ಆಸ್ಪತ್ರೇಲಿ ಚಾದರ ಇಸ್ತ್ರಿ ಮಾಡ್ತಿದ್ದ ಯಾರೋ ಒಬ್ಬ. ಎಡಚ ಅವನನ್ನ ಎರಡನೇ ಸುತ್ತಿನಲ್ಲೇ ಮಡಿಚಿ ಇಟ್ಟಿದ್ರು. ಅಂಥವನ ಜೊತೆ ಇವರು ಕೊನೇ ಗಂಟೆವರೆಗೂ ಒದ್ದಾಡಿದ್ರು."

ಸಭೆ ಗೊಳ್ಳೆಂದು ನಕ್ಕಿತು. ವರದಿಗಾರ ಎದ್ದು ಏನಾದರೂ ಹೇಳುತ್ತಾನೆಂದು ಹಬೆ ಕಾದ. ಅವನು ಹೇಳಿದ್ದು ಇಷ್ಟು: "ಅಂಥ ಸುಲಭದ ಪಂದ್ಯಗಳು ಎಲ್ಲರ ಲೆಕ್ಕದಲ್ಲೂ ಇರ್ತವೆ. ಅದನ್ನ ಬಿಟ್ಟು ಉಳಿದದ್ದು ನೋಡೋಣ." ವೇದಿಕೆಯ ನಡುವೆ ಅಂಚೆಯೂ ನಗುತ್ತಿದ್ದ, ಭುಜ ಕುಲುಕುವಷ್ಟು.

ಹಬೆಗೆ ಮೈಯೆಲ್ಲ ಉರಿದುಹೋಯಿತು. ಸೋತದ್ದಕ್ಕೆ ಅವನು ಎಂದೂ ನಾಚಿಕೊಂಡವನಲ್ಲ. ಆದರೆ ತನ್ನ ಸೋಲನ್ನು ಹಿಡಿದು ಇನ್ನೊಬ್ಬನ ಗೆಲುವನ್ನು ಅಗ್ಗ ಮಾಡುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮಗಳು ತೋಳು ಹಿಡಿಯುವಷ್ಟರಲ್ಲಿ ಎದ್ದು ನಿಂತಿದ್ದ.

"ಆ ಯಾರೋ ಒಬ್ಬ ನಾನೇ!"

ಲಾಂಡ್ರಿಯ ದನಿ. ಇಡೀ ಸಭೆ ತಿರುಗಿ ನೋಡಿತು. ಹೇಳಬೇಕಾದದ್ದು ಎದೆಯ ತುಂಬ ಇತ್ತು, ಬಾಯಿಗೆ ಬಂದಾಗ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿತು. "ಸುಲಭದ ಪಂದ್ಯ ಅಂತೀರಾ? ಅವನ ಕಣ್ಣು... ಅವನನ್ನೇ ಕೇಳಿ. ನೀವು ಯಾವತ್ತಾದ್ರೂ ಗ್ಲೌಸ್ ಹಾಕಿದೀರೇನ್ರೀ? ದಡದಲ್ಲಿ ನಿಂತು ಹೊಳೆ ಆಳ ಹೇಳ್ತೀರಲ್ಲ..."

ವಕೀಲ ಕೈ ಮುಗಿದ. "ಹಿರಿಯರು ವೈಯಕ್ತಿಕವಾಗಿ ತಗೋಬಾರದು. ಇದು ವಾದಕ್ಕೆ ಹೇಳಿದ ಮಾತು. ಬನ್ನಿ, ಇವರಿಗೊಂದು ಚಪ್ಪಾಳೆ ತಟ್ಟೋಣ."

ತಟ್ಟಿದರು. ಆ ನಗುವಿಗಿಂತ ಈ ಚಪ್ಪಾಳೆ ಹೆಚ್ಚು ಸುಟ್ಟಿತು. ಕಮಿಟಿಯವನೊಬ್ಬ ಮೊಣಕೈ ಹಿಡಿದು, "ಕೂತ್ಕೊಳ್ಳಿ ಯಜಮಾನ್ರೇ, ಬಿಪಿ ಏರತ್ತೆ" ಎಂದ. ಹಬೆ ಕೈ ಕೊಡವಿ ಹೊರಗೆ ನಡೆದ.

"ವಕೀಲ ಬೊಗಳಲಿ, ಅದು ಅವನ ಕಸುಬು," ಎಂದ ಮಗಳ ಹತ್ತಿರ, ಮೆಟ್ಟಿಲ ಮೇಲೆ ಕೂತು. "ಅಂಚೆಯೂ ನಕ್ಕನಲ್ಲ. ಅವನಿಗೆ ಗೊತ್ತಿಲ್ವಾ ಅವತ್ತು ಏನಾಯ್ತು ಅಂತ?"

ಒಳಗೆ ಕೈ ಎತ್ತಿಸಿ ಮತ ಎಣಿಸಿದರು, ಎಡಚ ಗೆದ್ದ. ಜನ ಟೀ ಕುಡಿಯಲು ಹಿಂದಿನ ಕೋಣೆಗೆ ನುಗ್ಗಿದರು. ಅಂಚೆ ಹೆಂಡತಿಯ ತೋಳು ಹಿಡಿದು ಹೊರಗೆ ಬಂದ. ಹಬೆ ಅಡ್ಡ ನಿಂತ.

"ನೀನೂ ಹಲ್ಲು ಕಿಸಿದೆಯಲ್ಲೋ. ನಾಚಿಕೆ ಆಗಲಿಲ್ವಾ?"

ಅಂಚೆಯ ಮುಖ ಅರಳಿತು. "ಅರೆ, ಹಬೆ! ಚೆನ್ನಾಗಿದೀಯೇನಯ್ಯಾ? ಮಗಳಾ ಇವಳು?"

"ಕೇಳಿದ್ದಕ್ಕೆ ಉತ್ತರ ಹೇಳು."

ಅಂಚೆ ಅವನ ತುಟಿಗಳನ್ನೇ ನೋಡುತ್ತ ಮತ್ತೆ ನಕ್ಕ. ಹೆಂಡತಿ ನಡುವೆ ಬಂದಳು. "ಬಲಗಡೆಗೆ ಬಂದು ಹೇಳಿ ಅಣ್ಣ, ಆ ಕಿವೀಲಿ ಅಷ್ಟಿಷ್ಟು ಕೇಳಿಸತ್ತೆ. ಒಳಗೆ ಇವರಿಗೆ ಒಂದಕ್ಷರ ಕೇಳಿಸಿಲ್ಲ. ಎಲ್ಲರೂ ನಕ್ಕರೆ ಇವರೂ ನಗ್ತಾರೆ, ಕಿವುಡು ಅಂತ ಯಾರಿಗೂ ತಿಳೀಬಾರದು ಅಂತ." ಆಮೇಲೆ ಸೇರಿಸಿದಳು, "ಎಡಗಿವಿ ನಿಮ್ಮ ಜೊತೆ ಆಡಿದ ದಿನವೇ ಹೋಯ್ತು. ಆಡಿದ್ದು ಆಟ, ನಿಮ್ಮ ತಪ್ಪೇನಿಲ್ಲ ಬಿಡಿ."

ಹಬೆಯ ಬಲಗೈ ತಾನಾಗಿ ಬೆನ್ನ ಹಿಂದೆ ಹೋಯಿತು. ಆಮೇಲೆ ಸಿಟ್ಟು ಮರಳಿ ಬಂತು, ಈ ಸಲ ತನಗಾಗಿ ಅಲ್ಲ. ಟೀ ಕೋಣೆಗೆ ಹೋಗಿ ಕಮಿಟಿಯ ಕಾರ್ಯದರ್ಶಿಯ ಮುಂದೆ ನಿಂತ. ದನಿ ಎಷ್ಟು ತಗ್ಗಿತ್ತೆಂದರೆ, ಹಿಂದೆಯೇ ಬಂದ ಮಗಳಿಗೂ ಅದು ಹೊಸದು.

"ಕಿವಿ ಕೇಳದವನನ್ನ ಗೊಂಬೆ ಥರ ಕೂರಿಸಿ, ಅವನ ಮುಂದೆಯೇ ಅವನ ಬಾಳನ್ನ ಹರಾಜು ಹಾಕಿದ್ರಲ್ಲ."

"ನಮಗೆ ಗೊತ್ತಿರಲಿಲ್ಲ ಯಜಮಾನ್ರೇ."

"ಕೇಳಿದ್ರಾ? ಕರೆಯೋಕೆ ಹೋದಾಗ ಹೇಗಿದೀರಿ ಅಂತ ಒಂದು ಮಾತು ಕೇಳಿದ್ರಾ?"

ಕಾರ್ಯದರ್ಶಿ ಟೀ ಲೋಟ ಕೆಳಗಿಟ್ಟ, ಮತ್ತೆ ಎತ್ತಿಕೊಂಡ. ವಕೀಲ ಆ ಕಡೆ ಯಾರದೋ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದ. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಮುಂದಿನ ವಾರ ಸಭಾಂಗಣದ ಮೇಲೆ ಎಡಚನ ಹೆಸರು ಬಂತು.

ಆಸ್ಪತ್ರೆಯಲ್ಲಿ ಹಬೆಯ ಪರಿಚಯ ಇನ್ನೂ ಸವೆದಿರಲಿಲ್ಲ. ಅಂಚೆಯನ್ನು ತಾನೇ ಕಿವಿಯ ವಿಭಾಗಕ್ಕೆ ಕರೆದೊಯ್ದ. ಎಡಗಿವಿಗೆ ಇನ್ನು ದಾರಿಯಿಲ್ಲವೆಂದರು. ಬಲಗಿವಿಗೆ ಮಷೀನು ಕೂರಿಸಿದರು. ಅದಾದ ಮೇಲೆ ಅಂಚೆಯ ಮನೆಯ ಅಡುಗೆಕೋಣೆಯಲ್ಲಿ ಕೂತು, ವಕೀಲ ಆಡಿದ್ದನ್ನೆಲ್ಲ ಉಪ್ಪುಖಾರ ಹಚ್ಚದೆ ಒಪ್ಪಿಸಿದ. ಅಂಚೆಯ ಕತ್ತಿನ ನರ ಉಬ್ಬಿತು.

"ಒದ್ದಾಡಿದೆ ಅಂದನಾ? ನಿನ್ನ ಜೊತೆ ಆಡಿದ ಮೇಲೆ ಒಂದು ವಾರ ನನಗೆ ಅಗಿಯೋಕೆ ಆಗಲಿಲ್ಲ. ಇವಳು ಗಂಜಿ ಕುಡಿಸಿದ್ದು. ಅದನ್ನ ಹೇಳೋರು ಯಾರೂ ಇರಲಿಲ್ವಾ ಅಲ್ಲಿ?"

"ನೀನಿದ್ದೆ. ನಗ್ತಾ ಇದ್ದೆ."

ಅಂಚೆಯ ಹೆಂಡತಿ ಬಾಯಿಗೆ ಸೆರಗು ಹಿಡಿದಳು. ಅಂಚೆ ಮಾತ್ರ ನಗಲಿಲ್ಲ.

"ನಿಜ ಹೇಳಲಾ ಹಬೆ? ಎಡಚನೇ ದೊಡ್ಡವನು. ಅವನು ಪಟ್ಟ ಬಿಡದೇ ಇದ್ದಿದ್ರೆ ನನ್ನ ಹೆಸರೂ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಅದು ನನಗೆ ಮೊದಲಿಂದ ಗೊತ್ತು," ಎಂದ ಹಬೆ. "ನೀನು ಹೇಳ್ಬಹುದು, ನಾನು ಹೇಳ್ಬಹುದು. ಆ ವಕೀಲ ಹೇಳ್ಬಾರದು."

ಆ ಸಭಾಂಗಣಕ್ಕೆ ಇಬ್ಬರೂ ಮತ್ತೆ ಕಾಲಿಡಲಿಲ್ಲ. ಕಮಿಟಿಯವರು ಸನ್ಮಾನ ಮಾಡುತ್ತೇವೆಂದು ಮನೆಗೆ ಬಂದಾಗ ಹಬೆ ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ಅಂಚೆಯ ಮನೆಗೆ ಹೋಗಿ ಮೊದಲು ತಪ್ಪೊಪ್ಪಿಕೊಳ್ಳಿ ಎಂದ. ಅವರು ಅಲ್ಲಿಗೆ ಹೋಗಲಿಲ್ಲ.