ಗಂಡನ ಹೆಸರಿನ ಒಡಪು

ನಮ್ಮ ಕಡೆ ಹೊಸ ಸೊಸೆಯನ್ನು ಸುಮ್ಮನೆ ಒಳಗೆ ಬಿಡುವುದಿಲ್ಲ. ಹೆಂಗಸರು ಹೊಸಿಲಿಗೆ ಅಡ್ಡ ನಿಲ್ಲುತ್ತಾರೆ. ಅವಳು ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಒಡಪು ಹೇಳಬೇಕು. ಪ್ರಾಸವೆಂದರೆ ನನಗೆ ನೀರು ಕುಡಿದಷ್ಟು ಸಲೀಸು. ಕಾರವಾರದ ನಮ್ಮ ಕಚೇರಿಯಲ್ಲಿ ‘ನಲ್ಲಿ ತಿರುಗಿಸಿ ನಿಲ್ಲಿಸಿ, ಕೈ ನೋವಾದರೆ ತಿಳಿಸಿ’ ಎಂದು ಚೀಟಿ ಅಂಟಿಸಿದವಳು ನಾನೇ. ನೆಂಟರಲ್ಲಿ ಮದುವೆ ಗೊತ್ತಾದರೆ ಹುಡುಗಿಯರು ಒಡಪಿಗಾಗಿ ಹಬ್ಬುವಾಡದ ನನ್ನ ಮನೆಗೇ ಫೋನ್ ಮಾಡುತ್ತಾರೆ.

ಗಂಡ ತೀರಿಕೊಂಡ ಮೇಲೂ ಫೋನುಗಳು ನಿಲ್ಲಲಿಲ್ಲ. ಆದರೆ ಎಲ್ಲರೂ ಸಾಲಾಗಿ ಕೂತು ಒಡಪು ಹೇಳುವಾಗ ನನ್ನನ್ನು ಬಿಟ್ಟು ಮುಂದಿನವಳನ್ನು ಕೇಳತೊಡಗಿದರು. ವಿಧವೆ ಶುಭಕಾರ್ಯದಲ್ಲಿ ಗಂಡನ ಹೆಸರು ಹೇಳಬಾರದಂತೆ. ನನ್ನ ಪ್ರಾಸ ಬೇಕು, ನನ್ನ ಬಾಯಿ ಬೇಡ! ನನ್ನೆದುರು ಅವರ ಹೆಸರೆತ್ತುವುದನ್ನೇ ಎಲ್ಲರೂ ಬಿಟ್ಟಿದ್ದರು. ಎರಡು ವರ್ಷ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ಹೋದ ಬೇಸಿಗೆಯಲ್ಲಿ ಅಂಕೋಲಾದಲ್ಲಿ ನನ್ನ ಗಂಡನ ಅಕ್ಕನ ಮಗನ ಮದುವೆ. ಸೊಸೆಯಾಗಿ ಬರುವ ಹುಡುಗಿ ರಾಮನಗುಳಿಯವಳು. ವಾರ ಮೊದಲೇ ಫೋನ್ ಮಾಡಿ, “ಮಾಮಿ, ಒಂದ್ ಒಡಪು ಬರ್ದು ಕೊಡಿ, ನಂಗೆ ಎಂತದೂ ಬರೂದಿಲ್ಲ” ಎಂದು ಗೋಗರೆದಿದ್ದಳು. ಹೊಸಿಲಲ್ಲಿ ನಿಂತು ನಾನು ಬರೆದದ್ದನ್ನೇ ಒಪ್ಪಿಸಿದಳು: “ಬುಟ್ಟಿ ತುಂಬಾ ಇಶಾಡ ಮಾವು, ಮುಡಿ ತುಂಬಾ ಮಲ್ಲಿಗೆ...” ನಡುವೆ ಗಂಡನ ಹೆಸರು, ಕೊನೆಗೆ “ಬಿಡ್ರಿ ನನ್ನ ಒಳಗೆ.” ಚಪ್ಪಾಳೆಯೋ ಚಪ್ಪಾಳೆ.

ಆಮೇಲೆ ಜಗಲಿಯಲ್ಲಿ ಕೂತು ಹೆಂಗಸರು ಒಬ್ಬೊಬ್ಬರೇ ಹೇಳಿದರು. ನನ್ನ ಪಕ್ಕದವಳು ಮುಗಿಸಿದಳು. ಗಂಡನ ಅಕ್ಕ ನನ್ನನ್ನು ದಾಟಿ ಆಚೆಯವಳ ಕಡೆ ಕೈ ಮಾಡಿದಳು.

“ನಂದು ಆಗ್ಲಿಲ್ಲ” ಎಂದೆ.

“ನೀ ಬರ್ದು ಕೊಟ್ಟಿದ್ಯಲ್ಲೇ, ಸಾಕು. ಶುಭದ ಹೊತ್ತು.”

“ನನ್ನ ಗಂಡನ ಹೆಸ್ರಲ್ಲಿ ಅಶುಭ ಎಂತದಿದೆ ಅಕ್ಕಾ? ನಿನ್ನ ತಮ್ಮ ಅಲ್ವಾ ಅವರು?”

ಅವಳು ಮುಖ ಬಿಗಿದಳು. ನಾನು ಎದ್ದು ನಿಂತು, ಜಗಲಿಯ ಆ ತುದಿಗೂ ಕೇಳುವಂತೆ ಹೇಳಿದೆ: “ಸಾಕಾಯ್ತು ಚಾಕ್ಕೆ ಮೂರು ಚಮಚ ಸಕ್ಕರೆ ಹಾಕಿ ಹಾಕಿ...” ಆಮೇಲೆ ಅವರ ಹೆಸರನ್ನು ಪೂರ್ತಿಯಾಗಿ, ಒಂದಕ್ಷರವೂ ನುಂಗದೆ ಹೇಳಿದೆ. “...ಜೊತೆ ನನ್ನ ಜಗಳ ಇನ್ನೂ ಬಾಕಿ!”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬಳು ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. ಕೂರಲಿಲ್ಲ ನಾನು. ಹೊರಗೆ ಹೋಗೆಂದರೆ ಹೋಗುವುದೂ ಇಲ್ಲವೆಂದು ನಿಶ್ಚಯಿಸಿದ್ದೆ.

ಗಂಡನ ಅಕ್ಕ ನನ್ನನ್ನೇ ದುರುಗುಟ್ಟಿ ನೋಡಿದಳು. ಕಣ್ಣು ತುಂಬಿತ್ತು.

“ಮೂರಲ್ಲ ಮಾರಾಯ್ತಿ, ನಾಕು” ಎಂದಳು. “ನಾಕು ಚಮಚ ಹಾಕ್ಕಂತಿದ್ದ ಅಂವ.” ಹಾಗೆನ್ನುತ್ತಾ ತಮ್ಮನ ಹೆಸರನ್ನೂ ಹೇಳಿಬಿಟ್ಟಳು.

“ಇಪ್ಪತ್ತಾರು ವರ್ಷ ಚಾ ಮಾಡಿದವ್ಳು ನಾನು. ಮೂರೇ.”

“ಅಂವ್ನ ಎತ್ತಿ ಆಡ್ಸಿದವ್ಳು ನಾನು. ನಾಕು!”

ಶುಭದ ಹೊತ್ತಿನಲ್ಲಿ ಇಬ್ಬರೂ ಜಗಳಕ್ಕೆ ನಿಂತೆವು. ಆ ಜಗಳದಲ್ಲಿ ಅವರ ಹೆಸರು ಹತ್ತು ಸಲವಾದರೂ ಬಂತು, ಒಬ್ಬರೂ ತಡೆಯಲಿಲ್ಲ.