ಕೋಳಿಮರಿಯ ಕಾಲು, ಪಾಪಕ್ಕನ ಹೊಟ್ಟೆಕಿಚ್ಚು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೇತಮಂಗಲದ ಕೆರೆ ಏರಿಯ ಆಚೆಗಿನ ಊರಿನಲ್ಲಿ, ಸುಮಲತಾಳ ಮನೆಯಂಗಳದಲ್ಲಿ ಪಾಪಕ್ಕ ಆಗಲೇ ಕುಕ್ಕರಗಾಲಲ್ಲಿ ಕೂತಾಗಿದೆ. ಮಂಕರಿ ಎತ್ತಿದರೆ ಒಳಗೊಂದು ಮರಿ ಎದ್ದು ನಿಲ್ಲಲಾರದೆ ಮಗ್ಗುಲಾಗಿ ಬಿದ್ದಿದೆ. ನಿನ್ನೆ ಸಂಜೆ ಓಡಾಡುತ್ತಿದ್ದ ಮರಿ. ಪಾಪಕ್ಕ ಅದನ್ನು ಅಂಗೈ ಮೇಲೆ ಮಲಗಿಸಿಕೊಂಡು ಮೊದಲು ಬೆರಳು ನೋಡುತ್ತಾಳೆ, ಆಮೇಲೆ ಗಿಣ್ಣು, ಆಮೇಲೆ ತೊಡೆ. ಮುಟ್ಟುವುದಕ್ಕಿಂತ ಹೆಚ್ಚಾಗಿ ಸುಮ್ಮನೆ ಕಾಯುತ್ತಾಳೆ, ಮರಿ ತಾನಾಗಿ ಕಾಲು ಎಳೆದುಕೊಳ್ಳುತ್ತದೆಯೇ ಎಂದು.

"ಬೆರಳು ಒಳೀಕೆ ಮಡಿಚ್ಕಂಡೈತೆ ನೋಡವ್ವ, ಮುಷ್ಟಿ ಕಟ್ದಂಗೆ. ಬರೀ ನುಚ್ಚು ಆಕಿ ಸಾಕಿದ್ದೀಯ. ಇದು ಸಾಯೋ ಕಾಯ್ಲೆ ಅಲ್ಲ, ತೀನಿ ಸಾಲ್ದೆ ಬಂದಿರೋದು," ಎನ್ನುತ್ತಾಳೆ. ನೀರಿಗೆ ವಿಟಮಿನ್ ಹನಿ, ಹೆಚ್ಚಿದ ಸೊಪ್ಪು, ಬೆಂದ ಮೊಟ್ಟೆಯ ಚೂರು. ಆಮೇಲೆ ಬೆಂಕಿಪೊಟ್ಟಣದ ರಟ್ಟನ್ನು ಕತ್ತರಿಸಿ, ಮರಿಯ ಬೆರಳುಗಳನ್ನು ಅದರ ಮೇಲೆ ಬಿಡಿಸಿಟ್ಟು ಅಂಟುಪಟ್ಟಿ ಸುತ್ತುತ್ತಾಳೆ. ಮರಿಗೆ ಚಪ್ಪಲಿ ಹಾಕಿದ ಹಾಗೆ ಕಾಣುತ್ತದೆ.

ಏಳುವಾಗ ಸೀರೆ ಕೊಡವಿಕೊಳ್ಳುತ್ತಾ, ಏನೂ ಅಲ್ಲವೆಂಬಂತೆ ಒಂದು ಮಾತು ಕೇಳುತ್ತಾಳೆ: "ಆ ಚಾಂಪಿಯನ್ ರೀಫ್ಸಿನವ್ಳಿಗೆ ಫೋನ್ ಮಾಡಿದ್ಯಾ ಮೊದ್ಲು?"

"ಇಲ್ಲ ಕಣಕ್ಕ. ನಿನ್ನೇ ಕರೆಸ್ದೆ," ಎನ್ನುತ್ತಾಳೆ ಸುಮಲತಾ. ಪಾಪಕ್ಕನ ಮುಖ ಅರಳುತ್ತದೆ. ಆ ಅರಳಿದ ಮುಖವನ್ನು ಮರೆಮಾಚಲು ಅವಳು ಪಕ್ಕದ ಮನೆಯ ನಾಯಿಯನ್ನು ಬೈಯುತ್ತಾಳೆ.

ಸುತ್ತಲಿನ ಹಳ್ಳಿಗಳಲ್ಲಿ ಅವಳನ್ನು ಕೋಳಿ ಪಾಪಕ್ಕ ಎಂದರೆ ಮಾತ್ರ ಗುರುತು. ಮದುವೆಯಾಗಿ ಬಂದಾಗ ಅತ್ತೆ ಚಿಕ್ಕಮುನಿಯಮ್ಮ ಈ ವಿದ್ಯೆಯ ಅರ್ಧ ಕಲಿಸಿದಳು. ಉಳಿದರ್ಧ ಬಂಗಾರಪೇಟೆಯ ದನದಾಸ್ಪತ್ರೆಯ ಹಳೆಯ ಕಾಂಪೌಂಡರ್ ಒಬ್ಬರಿಂದ ಬಂತು. ಕೊಕ್ಕರೆ ರೋಗ ಬಾರದಂತೆ ಮರಿಗಳ ಕಣ್ಣಿಗೆ ಬಿಡುವ ಹನಿಯನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲಿ ಹೊತ್ತು, ಬಿಸಿಲೇರುವ ಮೊದಲೇ ಊರೂರು ಸುತ್ತುತ್ತಾಳೆ. ಸಂಬಳವಿಲ್ಲ, ಕೊಟ್ಟಷ್ಟು ರಾಗಿ, ಕೊಟ್ಟಷ್ಟು ಮೊಟ್ಟೆ. ಕಾಲು ಬಿದ್ದ ಮರಿಗಳಲ್ಲಂತೂ ಅವಳದು ದೊಡ್ಡ ಹೆಸರು. ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ಚಾಚಿದ್ದರೆ ಅದು ಅಂಟುಜಾಡ್ಯ, ದೂರ ಇಡು. ನುಣುಪು ನೆಲದಲ್ಲಿ ಜಾರಿ ಕಾಲು ಅಗಲಿಸಿದ್ದರೆ ಉಣ್ಣೆ ದಾರದಲ್ಲಿ ಸಡಿಲವಾಗಿ ಕಟ್ಟು. ಇವೆಲ್ಲ ಅವಳಿಗೆ ನಾಲಗೆಯ ತುದಿಯಲ್ಲಿವೆ.

ಇಂಥ ಪಾಪಕ್ಕನ ನೆಮ್ಮದಿಗೆ ಕಲ್ಲು ಹಾಕಿದವಳು ಸೆಲ್ವಿ. ಕೆಜಿಎಫಿನ ಚಾಂಪಿಯನ್ ರೀಫ್ಸಿನಲ್ಲಿ ಗಣಿ ಕಾರ್ಮಿಕರ ಹಳೆಯ ಲೈನ್ ಮನೆಯವಳು, ವಯಸ್ಸಿನಲ್ಲಿ ಬಹಳ ಚಿಕ್ಕವಳು. ಯಾವುದೋ ಸಂಸ್ಥೆಯ ತರಬೇತಿ ಮುಗಿಸಿ, ಹೆಗಲಿಗೊಂದು ಚೀಲ, ಕೊರಳಿಗೊಂದು ಗುರುತಿನ ಕಾರ್ಡು ಹಾಕಿಕೊಂಡು ಕೋಳಿಗೆ ಔಷಧಿ ಕೊಡಲು ಶುರುಮಾಡಿದಳು. ಕನ್ನಡದವರಿಗೆ ಕನ್ನಡ, ತಮಿಳರಿಗೆ ತಮಿಳು, ತೆಲುಗರಿಗೆ ತೆಲುಗು. ಕಾಯಿಲೆ ಕೋಳಿಯ ವಿಡಿಯೋ ಕಳಿಸಿದರೆ ಫೋನಿನಲ್ಲೇ ಉತ್ತರ. ಜನ ಅವಳನ್ನು ಡಾಕ್ಟ್ರಮ್ಮ ಎಂದು ಕರೆಯತೊಡಗಿದರು. ಅಷ್ಟು ವರ್ಷ ತಿರುಗಿದ ಪಾಪಕ್ಕನನ್ನು ಯಾರೂ ಹಾಗೆ ಕರೆದಿರಲಿಲ್ಲ.

"ಒಟ್ಟೆಕಿಚ್ಚು ಐತಾ ಅಂದ್ರೆ, ಐತೆ. ಸುಳ್ಳು ಯಾಕೆ ಏಳ್ಲಿ ಸಾಮಿ," ಎನ್ನುತ್ತಾಳೆ ಪಾಪಕ್ಕ. "ನಾನು ಓಗ್ತಿದ್ದ ಮನೆ ಬಾಗ್ಲಲ್ಲಿ ಅವ್ಳ ಚಪ್ಲಿ ಕಂಡ್ರೆ ಅವತ್ತು ನಂಗೆ ಮುದ್ದೆ ಇಳಿಯಲ್ಲ. ನೀರೂ ಇಳಿಯಲ್ಲ."

ಪಾಪಕ್ಕನ ಹಿತ್ತಿಲಲ್ಲಿ ಒಂದು ತಳಿ ಇದೆ. ಬೂದುಬಣ್ಣದ ರೆಕ್ಕೆ, ಕರಿಯ ಕಾಲು. ಕಾವಿಗೆ ಕೂತರೆ ಏಳಿಸಲಾಗದ ಹೇಂಟೆಗಳು. ಇದು ಚಿಕ್ಕಮುನಿಯಮ್ಮ ಬಿಟ್ಟುಹೋದ ಆಸ್ತಿ. ಇದರ ಒಂದು ಮೊಟ್ಟೆಯನ್ನೂ ಪಾಪಕ್ಕ ಹೊರಗಿನವರಿಗೆ ಕಾವಿಗೆ ಕೊಟ್ಟವಳಲ್ಲ. ಹೋದ ಮಳೆಗಾಲಕ್ಕೆ ಮುಂಚೆ ಆ ತಳಿಯ ದೊಡ್ಡ ಕೋಳಿಗಳನ್ನು ಮುಂಗುಸಿ ಮುಗಿಸಿತು. ಉಳಿದದ್ದು ಒಂದು ಗೂಡಿನ ಮರಿಗಳು ಮಾತ್ರ. ಅವು ಹೋದರೆ ತಳಿಯೇ ಹೋಯಿತು.

ಅದೇ ಹೊತ್ತಿಗೆ ಯಾರದೋ ಫೋನಿನಲ್ಲಿ ಸೆಲ್ವಿ ಸಾಕಿದ ಮರಿಗಳ ಫೋಟೋ ಅವಳ ಕಣ್ಣಿಗೆ ಬಿತ್ತು. ಅಂಗಡಿಯ ಮೂಟೆ ತೀನಿ ತಿಂದು ಗುಂಡಗೆ ಬೆಳೆದಿದ್ದವು. ಪಾಪಕ್ಕನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಗಂಡ ದೊಡ್ಡವೆಂಕಟಪ್ಪ ಪಕ್ಕದ ಬೀದಿಯ ರೇಷ್ಮೆ ಹುಳದ ಮನೆಯಲ್ಲಿ ಕೂಲಿ. ಹುಳದ ತಟ್ಟೆ ಬದಲಿಸುವಾಗ ಉಳಿಯುವ ಸೊಪ್ಪಿನ ಕಸ, ಬಡಕಲು ಹುಳ, ಎಲ್ಲವನ್ನೂ ಕೂಲಿಯವರು ಕೋಳಿಗೆಂದು ಮಂಕರಿಯಲ್ಲಿ ಒಯ್ಯುವುದು ಅಲ್ಲಿನ ರೂಢಿ. ಹುಳ ತಿಂದ ಮರಿ ಬೇಗ ಮೈ ಹಿಡಿಯುತ್ತದೆ. "ಜಾಸ್ತಿ ತಕ್ಕಂಬಾ," ಎಂದು ಪಾಪಕ್ಕ ಗಂಡನಿಗೆ ಗಂಟುಬಿದ್ದಳು.

ಆ ಸಲ ಹುಳಕ್ಕೆ ಸಪ್ಪೆರೋಗ ಬಿದ್ದಿತ್ತು. ಸತ್ತ ಹುಳವನ್ನು ಸುಣ್ಣ ಹಾಕಿ ಹೂಳಬೇಕು. ಹೆಂಡತಿಯ ಕಾಟ ತಾಳದ ದೊಡ್ಡವೆಂಕಟಪ್ಪ ಅದನ್ನೇ ತುಂಬಿಕೊಂಡು ಬಂದು ಹಿತ್ತಿಲಲ್ಲಿ ಸುರಿದ. ಮೇಲೆ ಮಳೆ ಬಂತು. ರಾಶಿ ಕೊಳೆತು ಅದರ ತುಂಬ ಬಿಳಿ ಹುಳುಗಳು ಎದ್ದವು. ಮರಿಗಳು ಕೆದಕಿ ಕೆದಕಿ ತಿಂದವು. ಪಾಪಕ್ಕ ಮೊಣಕಾಲಿಗೆ ಕೈ ಕಟ್ಟಿಕೊಂಡು ಕೂತು ಅದನ್ನು ನೋಡಿ ಖುಷಿಪಟ್ಟಳು. ಸೆಲ್ವಿಯ ಮರಿಗಳು ಇನ್ನು ಇದರ ಮುಂದೆ ಏನೂ ಅಲ್ಲ ಎಂದುಕೊಂಡಳು.

ಒಂದು ಬೆಳಗ್ಗೆ ಎಲ್ಲಕ್ಕಿಂತ ದಪ್ಪಗಿದ್ದ ಮರಿ ಕಾಲು ಬಿದ್ದು ಕೂತಿತ್ತು. ಮಧ್ಯಾಹ್ನದೊಳಗೆ ಇನ್ನಷ್ಟು ಮರಿಗಳು. ಪಾಪಕ್ಕ ಬೆರಳು ನೋಡಿದಳು, ನೆಟ್ಟಗಿವೆ. ಗಿಣ್ಣು ಊದಿಲ್ಲ. ಒಂದು ಕಾಲು ಹಿಂದೆ, ಒಂದು ಮುಂದೆ ಎಂಬುದೂ ಇಲ್ಲ, ಎರಡೂ ಒಂದೇ ಸಮ ಜೋತುಬಿದ್ದಿವೆ. ವಿಟಮಿನ್ ಹನಿ ಹಾಕಿದಳು. ಬೆಚ್ಚಗಿನ ಎಣ್ಣೆ ತಿಕ್ಕಿದಳು. ಆಮೇಲೆ ರೆಕ್ಕೆ ಜೋತವು, ಆಮೇಲೆ ಕತ್ತು ನೆಲಕ್ಕೆ ಬಿತ್ತು. ಅವಳಿಗೆ ಗೊತ್ತಿದ್ದದ್ದೆಲ್ಲ ಮುಗಿಯಿತು. ಕೋಳಿ ಪಾಪಕ್ಕನ ಮನೆಯ ಮರಿಗಳೇ ಕಾಲು ಬಿದ್ದವು ಎಂಬುದು ಊರಿಗೆ ತಿಳಿಯಬಾರದೆಂದು ಮಂಕರಿಯ ಮೇಲೆ ಹಳೆಯ ಸೀರೆ ಹೊದಿಸಿ, ಬಂದವರಿಗೆ ತನಗೇ ಜ್ವರ ಎಂದು ಹೇಳಿ ಕಳಿಸಿದಳು.

"ಓಗಿ ಆ ಸೆಲ್ವಿನ ಒಂದ್ಮಾತು ಕೇಳ್ಬಾರ್ದೇನೆ?" ಎಂದ ದೊಡ್ಡವೆಂಕಟಪ್ಪ.

"ಎಲ್ಲಾ ಸತ್ರೂ ಸರಿ, ಅವ್ಳ ಬಾಗ್ಲಿಗೆ ಓಗಲ್ಲ."

ಅವನು ಜೋರಾಗಿ ಮಾತಾಡುವ ಜನವಲ್ಲ. ಸತ್ತ ಮರಿಯೊಂದನ್ನು ಎತ್ತಿಕೊಂಡು ಹೊರಗೆ ಹೋಗುತ್ತಾ ಅಷ್ಟೇ ಹೇಳಿದ: "ಕೋಳಿ ನಮ್ಮವ್ವಂದು ಕಣೆ. ಒಟ್ಟೆಕಿಚ್ಚು ನಿಂದು."

ಆ ಮಾತು ನೆನೆದರೆ ಪಾಪಕ್ಕನ ಕಣ್ಣು ಈಗಲೂ ತುಂಬುತ್ತದೆ. ಮರುದಿನ ಮೊದಲ ಬಸ್ಸಿಗೆ ಚೀಲದಲ್ಲಿ ಒಂದು ಮರಿ ಇಟ್ಟುಕೊಂಡು ಹೊರಟಳು. ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದು ಆಟೋ ಹತ್ತುವಾಗ ಪರಿಚಯದವರು ಕಂಡಾರೆಂದು ಸೆರಗು ಎಳೆದುಕೊಂಡಳು. ಸೆಲ್ವಿಯ ಮನೆಯ ಮುಂದೆ ಆಗಲೇ ಜನ ಕೂತಿದ್ದರು. ಅವರ ಹಿಂದೆ, ಗೋಡೆಗೆ ಒರಗಿ, ತನ್ನ ಸರದಿಗೆ ಕಾದಳು. ಅಷ್ಟು ಅವಮಾನ ತನಗೆ ಹಿಂದೆಂದೂ ಆಗಿರಲಿಲ್ಲ ಎನ್ನುತ್ತಾಳೆ.

ಸೆಲ್ವಿ ಮರಿಯ ಕಣ್ಣುರೆಪ್ಪೆ ನೋಡಿದಳು. ಒಂದು ಪುಕ್ಕ ಎಳೆದಳು, ಸಲೀಸಾಗಿ ಕೈಗೆ ಬಂತು. "ಚೆನ್ನಾಗಿ ತಿನ್ನೋದೇ ಮೊದ್ಲು ಬಿತ್ತಾ ಅಕ್ಕಾ? ಏನ್ ತಿಂತು, ನಿಜ ಹೇಳಿ."

ಪಾಪಕ್ಕನಿಗೆ ಆ ಕ್ಷಣವೇ ಹಿತ್ತಿಲ ರಾಶಿ ಕಣ್ಣಿಗೆ ಕಟ್ಟಿತು. ಹೇಳಿದಳು. ಸೆಲ್ವಿ ವಿಡಿಯೋ ಮಾಡಿ ಬಂಗಾರಪೇಟೆಯ ಪಶುವೈದ್ಯರಿಗೆ ಕಳಿಸಿದಳು. ಕೊಳೆತದ್ದರಲ್ಲಿ ಹುಟ್ಟುವ ವಿಷ, ಆ ಹುಳುಗಳ ಮೂಲಕ ಮರಿಗಳ ಹೊಟ್ಟೆ ಸೇರಿ ನರ ಕಟ್ಟಿದೆ ಎಂದರು ವೈದ್ಯರು. ರಾಶಿಯನ್ನು ತಕ್ಷಣ ಹೂಳಿ, ಬೆಲ್ಲದ ನೀರು ಕುಡಿಸಿ ಹೊಟ್ಟೆ ತೊಳೆಸಿ, ತಂಪಿನಲ್ಲಿಡಿ, ಎರಡು ದಿನ ಉಳಿದದ್ದು ಬದುಕುತ್ತದೆ ಎಂದೂ ಹೇಳಿದರು.

ಸೆಲ್ವಿ ಅವತ್ತೇ ಬಸ್ಸಿನಲ್ಲಿ ಪಾಪಕ್ಕನ ಜೊತೆ ಊರಿಗೆ ಬಂದಳು. ಮೂಗಿಗೆ ದುಪಟ್ಟಾ ಕಟ್ಟಿಕೊಂಡು ದೊಡ್ಡವೆಂಕಟಪ್ಪನೊಂದಿಗೆ ರಾಶಿಗೆ ಸುಣ್ಣ ಹಾಕಿ ಹೂಳಿಸಿದಳು. ಆದರೆ ನೀರು ಕುಡಿಸುವಾಗ ಅವಳ ಕೈ ಸೋತಿತು. ಕತ್ತು ನಿಲ್ಲದ ಮರಿಗೆ ಸಿರಿಂಜಿನಲ್ಲಿ ಬೆಲ್ಲದ ನೀರು ಬಿಟ್ಟರೆ ಅದು ಉಸಿರಿನ ದಾರಿಗೆ ಹೋಯಿತು. ಮರಿ ಅವಳ ಕೈಯಲ್ಲೇ ಹೋಯಿತು. ಸೆಲ್ವಿಯ ಮುಖ ಬಾಡಿತು.

ಪಾಪಕ್ಕ ಇನ್ನೊಂದು ಮರಿ ಎತ್ತಿಕೊಂಡಳು. ಅದರ ಕತ್ತನ್ನು ತನ್ನ ಹೆಬ್ಬೆರಳಿಗೆ ಆನಿಸಿ, ಹತ್ತಿಯ ಬತ್ತಿಯನ್ನು ಬೆಲ್ಲದ ನೀರಿನಲ್ಲಿ ಅದ್ದಿ, ಕೊಕ್ಕಿನ ಪಕ್ಕಕ್ಕೆ ಮುಟ್ಟಿಸಿದಳು. ನುಂಗುವವರೆಗೆ ಕಾದು ಇನ್ನೊಂದು ಹನಿ. ಆ ದಿನವೆಲ್ಲ, ಮರುದಿನವೆಲ್ಲ ಅದೇ ಕೆಲಸ. ಸೆಲ್ವಿ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. "ಇದನ್ನ ನಮಗೆ ಯಾರೂ ಹೇಳ್ಕೊಡ್ಲಿಲ್ಲ ಅಕ್ಕಾ. ನಿಮ್ಮ ಕೈ ನೋಡಿದ್ರೆ ನಂಗೆ ಪೊರಾಮೆ ಆಗುತ್ತೆ."

ಪೊರಾಮೆ ಎಂದರೆ ತಮಿಳಿನಲ್ಲಿ ಹೊಟ್ಟೆಕಿಚ್ಚು. ಕೆಜಿಎಫಿನ ಬಸ್ಸಿನಲ್ಲಿ ಓಡಾಡುವ ಪಾಪಕ್ಕನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. "ಆ ಮಾತು ಕೇಳಿ ಒಟ್ಟೆಗೆ ಆಲು ಉಯ್ದಂಗಾಯ್ತು ಸಾಮಿ," ಎಂದು ಈಗಲೂ ನಗುತ್ತಾಳೆ.

ಒಂದು ಹುಂಜ, ಕೆಲವು ಹೇಂಟೆ ಎದ್ದು ನಿಂತವು. ತಳಿ ಉಳಿಯಿತು. ಅವು ಬಲಿತ ಮೇಲೆ ಪಾಪಕ್ಕ ಮೊದಲ ಸಲ ಒಂದು ಹೇಂಟೆಯನ್ನು ಮನೆಯಿಂದ ಹೊರಗೆ ಕೊಟ್ಟಳು, ಸೆಲ್ವಿಗೆ. "ಚೆನ್ನಾಗಿರೋದ್ನ ನಾನೇ ಇಟ್ಕಂಡೆ. ಅದಕ್ಕಿಂತ ಒಂಚೂರು ಕಮ್ಮಿದು ಕೊಟ್ಟೆ. ಅಷ್ಟೊಂದು ಒಳ್ಳೇವ್ಳಲ್ಲ ನಾನು," ಎನ್ನುತ್ತಾಳೆ. ಆಮೇಲೆ ದನಿ ಏರುತ್ತದೆ: "ಏನಾಯ್ತು ಗೊತ್ತಾ? ಅವ್ಳ ಮನೇದೇ ಮೊದ್ಲು ಮೊಟ್ಟೆ ಇಕ್ತು!"

ಚಾಂಪಿಯನ್ ರೀಫ್ಸಿನಲ್ಲಿ ಈಗ ಕೆಲವರು ಕರಿಕಾಲಿನ ಮರಿ ಬೇಕೆಂದು ಸೆಲ್ವಿಯನ್ನು ಕೇಳುತ್ತಾರೆ. ಇದು ಪಾಪಕ್ಕನ ಕೋಳಿ, ಪಾಪಕ್ಕನನ್ನು ಕೇಳದೆ ಕೊಡಲಾರೆ ಎಂದು ಸೆಲ್ವಿ ಹೇಳುತ್ತಾಳಂತೆ. ಇದನ್ನು ಹೇಳುವಾಗ ಪಾಪಕ್ಕ ಬೇರೆಲ್ಲೋ ನೋಡುತ್ತಾಳೆ.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡುತ್ತಾಳೆ. "ಅವ್ಳ ಯಾಟೆಕೋಳಿ ಕಾವಿಗೆ ಕೂತೈತಂತೆ. ಮರಿ ಎದ್ಮೇಲೆ ಒಂದ್ಸಲ ಓಗಿ ಬತ್ತೀನಿ. ಒಂದ್ರದ್ದೂ ಕಾಲು ಬೀಳ್ದಂಗೆ ಬೆಳ್ಕಳ್ಳಿ, ನಮ್ಮತ್ತೆ ಕೋಳಿ ಅಲ್ವಾ," ಎಂದು ಫ್ಲಾಸ್ಕನ್ನು ಹೆಗಲಿಗೆ ಏರಿಸುತ್ತಾಳೆ. "ನಮ್ಮನೇವಕ್ಕಿಂತ ಒಂಚೂರು ಸಣ್ಣಗಿದ್ರೆ ಆಯ್ತು."