ಪರದೆಯ ಮೇಲಿನ ಸೌಭಾಗ್ಯವತಿ

ದೆವ್ವ ಭೂತಗಳಲ್ಲಿ ನನಗೆ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಯಡೂರಿಗೆ ಹೋದರೆ ವೀರಭದ್ರನಿಗೆ ಕೈ ಮುಗಿಯುತ್ತೇನೆ. ಅದು ಅವ್ವನಿಗೆ ಕೊಟ್ಟ ಮಾತಿಗಾಗಿ. ಆದರೂ ಒಂದು ಮಧ್ಯಾಹ್ನ, ಸತ್ತ ಮನುಷ್ಯನೊಬ್ಬ ನನ್ನ ಕಣ್ಣೆದುರಿಗೇ ಬರೆದದ್ದನ್ನು ನೋಡಿದ್ದೇನೆ. ಅದು ಹೇಗಾಯಿತು ಎಂಬುದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಆ ಹೆದರಿಕೆ ಇನ್ನೂ ಹೋಗಿಲ್ಲ.

ತೊಂಬತ್ತರ ದಶಕದ ಮಾತು. ರಾಯಬಾಗದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ನಾನು ಟೈಪಿಸ್ಟ್. ಟೈಪ್‌ರೈಟರ್‌ಗಳನ್ನು ಎತ್ತಿ ಗೋದಾಮಿಗೆ ಹಾಕಿ, ನಮ್ಮ ಮೇಜಿನ ಮೇಲೆ ಟರ್ಮಿನಲ್ ತಂದಿಟ್ಟಿದ್ದರು. ಕಂಪ್ಯೂಟರ್ ಇದ್ದದ್ದು ಒಳಗಿನ ಎಸಿ ಕೋಣೆಯಲ್ಲಿ. ಹೊರಗೆ ನಮಗೆ ಕಪ್ಪು ಪರದೆ, ಹಸಿರು ಅಕ್ಷರ, ಒಂದು ಕೀಬೋರ್ಡ್. ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ, ಎಲ್ಲವೂ ಇಂಗ್ಲಿಷ್ ಲಿಪಿಯಲ್ಲಿ. ಪತ್ರ ಬರೆಯಲು ಒಂದು ಪುಟ್ಟ ಎಡಿಟರ್ ಇತ್ತು. ಅದನ್ನು ತೆರೆದರೆ ಬಯಲು ಕಂಡಂತೆ ಕಾಣುತ್ತಿತ್ತು, ಮೆನು ಇಲ್ಲ, ಗುಂಡಿ ಇಲ್ಲ. ಅದಕ್ಕೆ ಎರಡು ಅವಸ್ಥೆ. ಒಂದರಲ್ಲಿ ಒತ್ತಿದ ಅಕ್ಷರ ಬರಹವಾಗುತ್ತದೆ; ಇನ್ನೊಂದರಲ್ಲಿ ಅದೇ ಅಕ್ಷರ ಅಪ್ಪಣೆಯಾಗುತ್ತದೆ. ಯಾವ ಅವಸ್ಥೆಯಲ್ಲಿದ್ದೇವೆಂದು ಮರೆತು ಒತ್ತಿದರೆ ಸಾಲಿಗೆ ಸಾಲೇ ಮಾಯ. ಮೊದಮೊದಲು ನಾನು ಅದನ್ನು ಬೈಯದ ಬೈಗುಳವಿಲ್ಲ.

ಅದನ್ನು ಪಳಗಿಸಿದವರು ಪಕ್ಕದ ಕುರ್ಚಿಯ ಹಿರಿಯ ಟೈಪಿಸ್ಟ್. ನಾನು ಅಣ್ಣಾರು ಎನ್ನುತ್ತಿದ್ದೆ. ಶೇಡಬಾಳದ ಜೈನರ ಮನೆತನ. ಹೊತ್ತು ಮುಳುಗುವ ಮುಂಚೆ ಅವರ ಊಟ ಮುಗಿಯಲೇಬೇಕು, ಸಾಹೇಬರು ಮಾತ್ರ ಪತ್ರಗಳ ಕಟ್ಟನ್ನು ಕಳಿಸುತ್ತಿದ್ದುದೇ ಇಳಿಹೊತ್ತಿಗೆ. ಹಾಗಾಗಿ ಕಡಿಮೆ ಒತ್ತಿ ಹೆಚ್ಚು ಬರೆಯುವ ದಾರಿ ಹುಡುಕುವುದೇ ಅವರ ಧ್ಯಾನವಾಯಿತು. ಈ ಎಡಿಟರಿಗೆ ಒಂದು ಗುಣವಿತ್ತು. ಒಂದು ಪದವನ್ನು ಹೇಳಿಕೊಟ್ಟು, ಇದು ಬಂದರೆ ಅದನ್ನು ಬರೆ ಎಂದರೆ, ಮರುಮಾತಿಲ್ಲದೆ ಬರೆಯುತ್ತಿತ್ತು. ಅಣ್ಣಾರು ಎರಡಕ್ಷರ ಒತ್ತಿ ಸ್ಪೇಸ್ ಕೊಟ್ಟರೆ 'ಯುವರ್ಸ್ ಫೇತ್‌ಫುಲಿ' ಪೂರ್ತಿ ಬಂದು ಕೂರುತ್ತಿತ್ತು. ಕಾರ್ಖಾನೆಯ ಭೋಂಗಾ, ಅಂದರೆ ಸೈರನ್, ಕೂಗುವ ಹೊತ್ತಿಗೆ ಅವರು ಸೈಕಲ್ ಹತ್ತಿರುತ್ತಿದ್ದರು. ನಾನು ಮಾತ್ರ ಇನ್ನೂ ಕುಟ್ಟುತ್ತಿರುತ್ತಿದ್ದೆ.

ಅವರ ಹೆಂಡತಿ, ನನ್ನ ಪಾಲಿಗೆ ವೈನಿ, ಅಂದರೆ ಅತ್ತಿಗೆ, ಕಾರ್ಖಾನೆಯ ಕಾಲೊನಿಯ ಮಹಿಳಾ ಮಂಡಳಕ್ಕೆ ಅಧ್ಯಕ್ಷರು. ಮಂಡಳದ ಪತ್ರಗಳನ್ನೂ ಅಣ್ಣಾರೇ ಊಟದ ಬಿಡುವಿನಲ್ಲಿ ಟೈಪ್ ಮಾಡುತ್ತಿದ್ದರು. ಬೆಂಗಳೂರಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಗಡಿಯಲ್ಲಿ ಗಂಡ ಇರುವ ಹೆಣ್ಣಿನ ಹೆಸರಿನ ಮೊದಲು 'ಸೌ.' ಬರುತ್ತದೆ, ಸೌಭಾಗ್ಯವತಿ ಎಂದು. ಗಂಡ ಹೋದ ಮೇಲೆ ಅವಳು 'ಶ್ರೀಮತಿ'. ಇದು ಮರಾಠಿಯಿಂದ ಬಂದ ಪದ್ಧತಿ. ಮದುವೆ ಪತ್ರಿಕೆಯಿಂದ ಬ್ಯಾಂಕಿನ ತನಕ ಹೀಗೆಯೇ. ಒಮ್ಮೆ ಮಂಡಳದ ನೋಟಿಸಿನಲ್ಲಿ ಆ 'ಸೌ.' ಬಿಟ್ಟುಹೋಗಿ ಅಣ್ಣಾರ ಮನೆಯಲ್ಲಿ ಮಹಾಭಾರತವಾಯಿತಂತೆ. ನಾವೆಲ್ಲ ನಕ್ಕು, ಮರೆತುಬಿಟ್ಟೆವು.

ಕಬ್ಬು ನುರಿಸುವ ಹಂಗಾಮಿನ ನಡುವೆ ಒಂದು ದಿನ ಅಣ್ಣಾರು ಚಹಾ ಕಪ್ಪು ಕೆಳಗಿಟ್ಟು, ಎದೆ ಹಿಡಿದುಕೊಂಡು, ನನ್ನ ಭುಜದ ಮೇಲೆ ಒರಗಿದರು. ಚಿಕ್ಕೋಡಿ ಆಸ್ಪತ್ರೆಯ ಬಾಗಿಲು ಕಾಣುವ ಮುಂಚೆಯೇ ಹೋಗಿದ್ದರು. ಅವರ ತಲೆಯ ಭಾರ ಬಹಳ ದಿನ ನನ್ನ ಭುಜದ ಮೇಲೆಯೇ ಇತ್ತು.

ಸತ್ತ ನೌಕರನ ಜಾಗಕ್ಕೆ ಮನೆಯವರನ್ನು ತೆಗೆದುಕೊಳ್ಳುವ ರೂಢಿ ನಮ್ಮಲ್ಲಿತ್ತು. ವೈನಿ ನಿಪ್ಪಾಣಿಯಲ್ಲಿ ಟೈಪಿಂಗ್ ಪರೀಕ್ಷೆ ಪಾಸಾದವರು. ಕೆಲಸ ಸಿಕ್ಕರೆ ಕ್ವಾರ್ಟರ್ಸ್ ಉಳಿಯುತ್ತದೆ, ಮಗಳ ಶಾಲೆ ಉಳಿಯುತ್ತದೆ. ಸಿಗದಿದ್ದರೆ ಶೇಡಬಾಳದಲ್ಲಿ ಭಾವನ ಮನೆಯ ಹಿಂದಿನ ಕೋಣೆ, ದ್ರಾಕ್ಷಿ ತೋಟದವರಿಗೆ ಅಡುಗೆ ಬೇಯಿಸಿ ಹಾಕುವುದು. ಆ ಭಾವ ಆಗಲೇ ಎರಡು ಸಲ ಬಂದು ಟ್ರಂಕು ಕಟ್ಟಲು ಹೇಳಿ ಹೋಗಿದ್ದ.

ಅರ್ಜಿ ಟೈಪ್ ಮಾಡಿದವನು ನಾನು. ಟೈಪಿಂಗ್ ಕ್ಲಾಸಿನ ಮೊದಲ ಪಾಠ, ಕಣ್ಣು ಕಾಗದದ ಮೇಲಿರಬೇಕು. ಪರದೆ ಬಂದಮೇಲೂ ನಮ್ಮ ಪೀಳಿಗೆಯವರ ಕಣ್ಣು ಕಾಗದ ಬಿಟ್ಟು ಮೇಲೇಳುತ್ತಿರಲಿಲ್ಲ. ಪ್ರಿಂಟರು ಕಿರ್‍ರೆಂದು ಹೊರಗೆ ತಳ್ಳಿದ ಹಾಳೆಗೆ ವೈನಿ ಓದದೆ ಸಹಿ ಮಾಡಿದರು. ಓದುವ ಸ್ಥಿತಿಯಲ್ಲಿ ಅವರೂ ಇರಲಿಲ್ಲ.

ಅರ್ಜಿ ತಿರುಗಿ ಬಂತು. ನೇಮಕಾತಿ ವಿಭಾಗದ ಪುಣ್ಯಾತ್ಮನೊಬ್ಬ ಕೆಂಪು ಶಾಯಿಯಲ್ಲಿ, ಅರ್ಜಿದಾರರು ವಿಧವೆಯೋ ಮುತ್ತೈದೆಯೋ ಸ್ಪಷ್ಟಪಡಿಸಬೇಕು ಎಂದು ಗೀಚಿದ್ದ. ನೋಡುತ್ತೇನೆ, ನಾನು ಬರೆದ 'ಶ್ರೀಮತಿ' ಇದೆ, ಅದರ ಬೆನ್ನಿಗೇ 'ಸೌ.' ಕೂಡ ಇದೆ. ನನ್ನದೇ ಕೈತಪ್ಪು ಎಂದುಕೊಂಡೆ. ಆಡಳಿತ ಮಂಡಳಿಯ ಸಭೆ ಸೋಮವಾರ. ಅದು ತಪ್ಪಿದರೆ ಆ ಕುರ್ಚಿಗೆ ಯಾರದೋ ಅಳಿಯ ತಯಾರಿದ್ದ.

ಅದೇ ಮಧ್ಯಾಹ್ನ ಮತ್ತೆ ಕೂತೆ. ಈ ಸಲ ಪರದೆಯನ್ನೇ ನೋಡುತ್ತ, ಹೊಸದಾಗಿ ಕಲಿಯುವವನ ಹಾಗೆ ಒಂದೊಂದೇ ಅಕ್ಷರ ಒತ್ತಿದೆ. 'ಶ್ರೀಮತಿ' ಬಂತು. ವೈನಿಯ ಹೆಸರು ಬಂತು. ಸ್ಪೇಸ್ ಒತ್ತಿದೆ. ಹೆಸರು ತಾನೇ ಬಲಕ್ಕೆ ಜರುಗಿತು. ಆದ ಜಾಗದಲ್ಲಿ 'ಸೌ.' ಬಂದು ಕೂತಿತು.

ಆ ಅಕ್ಷರಗಳನ್ನು ನಾನು ಒತ್ತಿರಲಿಲ್ಲ. ಅಳಿಸಿದೆ, ಮತ್ತೆ ಬರೆದೆ, ಮತ್ತೆ ಬಂತು. ಪಕ್ಕದ ಕುರ್ಚಿ ಖಾಲಿ. ಕಿಟಕಿಯಿಂದ ಕಾಕಂಬಿಯ ವಾಸನೆ, ಹೊರಗೆ ಗಾಡಿಯವರ ಕೂಗು, ಎಲ್ಲ ದಿನದಂತೆಯೇ ಇತ್ತು. ನಾನು ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತುಬಿಟ್ಟೆ.

ಕಾರಣ ಹೊಳೆದದ್ದು ಸ್ವಲ್ಪ ಹೊತ್ತಿನ ಮೇಲೆ. ಈ ಎಡಿಟರ್ ತೆರೆದಾಗಲೆಲ್ಲ ಒಂದು ಸಣ್ಣ ಫೈಲನ್ನು ಗುಟ್ಟಾಗಿ ಓದಿಕೊಳ್ಳುತ್ತದೆ. ಅದರ ಹೆಸರು ಚುಕ್ಕೆಯಿಂದ ಶುರುವಾಗುವುದರಿಂದ ಪಟ್ಟಿಯಲ್ಲಿ ಕಾಣುವುದಿಲ್ಲ. ಆಫೀಸಿಗೆಲ್ಲ ಒಂದೇ ಲಾಗಿನ್, ಒಂದೇ ಫೈಲು. ತೆರೆದರೆ ಅಣ್ಣಾರು ಯಂತ್ರಕ್ಕೆ ಹೇಳಿಕೊಟ್ಟದ್ದೆಲ್ಲ ಅಲ್ಲಿತ್ತು, ಸಾಲಾಗಿ. ಕೊನೆಯ ಸಾಲಿನಲ್ಲಿ ವೈನಿಯ ಹೆಸರು. ಈ ಹೆಸರು ಬಂದರೆ ಮೊದಲು 'ಸೌ.' ಹಾಕು, ಅಷ್ಟೇ. ಯಂತ್ರಕ್ಕೆ ಅವರು ಸತ್ತದ್ದನ್ನು ಯಾರೂ ಹೇಳಿರಲಿಲ್ಲ.

ಅಳಿಸುವುದು ಸುಲಭ. ಸಾಲಿನ ಮೇಲೆ ನಿಂತು ಒಂದೇ ಅಕ್ಷರವನ್ನು ಎರಡು ಸಲ ಒತ್ತಿದರೆ ಆಯಿತು. ಆದರೂ ಒತ್ತಲಿಲ್ಲ. ನನಗೆ ಏನು ಹಕ್ಕು ಎನಿಸಿತು. ವೈನಿಯನ್ನೇ ಕರೆಸಿದೆ.

ಅವರು ಬಂದು ಗಂಡನ ಕುರ್ಚಿಯಲ್ಲಿ ತುದಿಗೆ ಕೂತರು. ನಾನು ಅರ್ಜಿ ತಿರುಗಿ ಬಂದದ್ದನ್ನು ಹೇಳಿ, ಹೆಸರು ಟೈಪ್ ಮಾಡಿ ತೋರಿಸಿದೆ. ಹೆಸರು ಜರುಗಿ 'ಸೌ.' ಬಂದದ್ದನ್ನು ಅವರು ರೆಪ್ಪೆ ಬಡಿಯದೆ ನೋಡಿದರು. ಯಾರು ಬರೆದದ್ದು ಎಂದು ಕೇಳಲಿಲ್ಲ. ಅವರಿಗೆ ಗೊತ್ತಾಗಿತ್ತು.

"ಇನ್ನೊಮ್ಮೆ ಬರೀರಿ, ಭಾವುಜಿ" ಎಂದರು. ಗಂಡನ ತಮ್ಮನನ್ನು ಕರೆಯುವ ಹಾಗೆಯೇ ನನ್ನನ್ನೂ ಕರೆಯುತ್ತಿದ್ದರು.

ಬರೆದೆ. ಇನ್ನೊಮ್ಮೆ ಎಂದರು. ಬರೆದೆ. ಪರದೆ ತುಂಬ ಅವರ ಹೆಸರೇ ಆಯಿತು, ಒಂದರ ಕೆಳಗೊಂದು, ಎಲ್ಲದರ ಮೊದಲೂ ಗಂಡ ಇದ್ದಾನೆಂಬ ಗುರುತು. ನನಗೆ ಅಳು ಬಂತು. ಅವರು ಅಳಲಿಲ್ಲ.

ಆಮೇಲೆ ನಾನು ಆ ಗುಟ್ಟಿನ ಫೈಲು ತೆರೆದು ಸಾಲನ್ನು ತೋರಿಸಿದೆ. ಅರ್ಜಿಯಲ್ಲಿ ಮಾತ್ರ ಕೈಯಿಂದ ತಿದ್ದಬಹುದು, ಇದನ್ನು ಹೀಗೆಯೇ ಬಿಡೋಣ ಎಂದೆ. ಅವರು ತಲೆ ಅಲ್ಲಾಡಿಸಿದರು.

"ಬ್ಯಾಡ್ರಿ. ನೌಕರಿ ಆದ್ರ ನಾ ಇಲ್ಲೇ ಕುಂದ್ರಬೇಕು. ದಿನಾ ಅವರು ಹಿಂಗ ಕರಿಯಾಕತ್ತಿದ್ರ ನಾ ಕೆಲಸಾ ಹೆಂಗ ಮಾಡ್ಲಿ?"

ಯಾವ ಕೀಲಿ ಎಂದು ಕೇಳಿ ತಾವೇ ಎರಡು ಸಲ ಒತ್ತಿದರು. ಸಾಲು ಹೋಯಿತು. ಒತ್ತಿದ ಬೆರಳು ಅಲ್ಲೇ ಇತ್ತು.

"ಹೊಳ್ಳಿ ತರಾಕ ಬರ್ತೈತೇನ್ರಿ?"

"ಸೇವ್ ಮಾಡೂತನಕ ಬರ್ತೈತ್ರಿ ವೈನಿ. ಆಮ್ಯಾಲ ಬರೂದಿಲ್ಲ."

ಕರ್ಸರು ಮಿನುಗುತ್ತಿತ್ತು. ಪ್ಯೂನ್ ಚಹಾ ತಂದಿಟ್ಟು ಹೋದ, ಅದರ ಮೇಲೆ ಕೆನೆ ಕಟ್ಟಿತು.

"ಸೇವ್ ಮಾಡ್ರಿ" ಎಂದರು.

ಮಾಡಿದೆ. ಅರ್ಜಿಯನ್ನು ಹೊಸದಾಗಿ ತೆರೆದು ಹೆಸರು ಬರೆದೆ. ಬರೀ ಹೆಸರು ಬಂತು. ಅದರ ಮೊದಲು 'ಶ್ರೀಮತಿ' ಹಾಕಬೇಕಿತ್ತು, ಹೆಸರನ್ನು ಅಳಿಸಿದೆ. ಅವರು ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡು, ಪರೀಕ್ಷೆ ಪಾಸಾದವರು, ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ 'ಶ್ರೀಮತಿ' ಎಂದೂ ಅದರ ಮುಂದೆ ತಮ್ಮ ಹೆಸರನ್ನೂ ಒತ್ತಿದರು. ಕೊನೆಗೆ ಸ್ಪೇಸ್ ಒತ್ತಿ, ಕೈ ಹಿಂದೆ ತೆಗೆದುಕೊಂಡು, ಪರದೆಯನ್ನೇ ನೋಡುತ್ತ ಕಾದರು. ಏನೂ ಬರಲಿಲ್ಲ.